ನಿದ್ರಾಸುಂದರಿ ಎಚ್ಚೆತ್ತ ಬಗೆ

ಕಳೆದ ತಿಂಗಳು ಒಂದು ಭಾನುವಾರ ನನ್ನ ಹಳೆಯ ವಿದ್ಯಾರ್ಥಿಗಳು ನಾಲ್ವರು ಮನೆಗೆ ಬಂದಿದ್ದರು. ನಾಲ್ವರಿಗೂ ತಲೆ ನರೆತಿದೆ. ಒಬ್ಬನಂತೂ ನನಗಿಂತ ಹಿರಿಯನಂತೆ ಕಾಣುತ್ತಾನೆ. ಮುಂದಿನ ವರ್ಷ ಶಾಲೆಯ ವಾರ್ಷಿಕೋತ್ಸವದಲ್ಲಿ ಮೊದಲಿನ ಹಾಗೆ ‘ಚಂದ್ರಹಾಸ’ ಯಕ್ಷಗಾನವನ್ನು ಮತ್ತೆ ಆಡಿಸಬೇಕೆಂಬುದು ಅವರ ಆಸೆ. ಆಸೆಯಲ್ಲಿ ಒಮ್ಮತವಿದೆ, ಕ್ರಮದಲ್ಲಿಲ್ಲ. ಆಗ ಹೇಗೆ ಆಡಿದ್ದೆವೋ ಹಾಗೆಯೇ, ಕೂದಲೆಳೆಯಷ್ಟೂ ಬದಲಿಸದೆ ಆಡಬೇಕೆಂದು ಇಬ್ಬರ ವಾದ. ಈ ಕಾಲದ ಮಕ್ಕಳಿಗೆ ಅಷ್ಟು ಹೊತ್ತು ಕೂರುವ ವ್ಯವಧಾನವಿಲ್ಲ, ನಲವತ್ತು ನಿಮಿಷಕ್ಕೆ ಇಳಿಸಿ, ಹಿಂದೆ ಪರದೆಯ ಮೇಲೆ ಚಲಿಸುವ ಚಿತ್ರಗಳನ್ನು ಹಾಕಿ, ಹಾಡನ್ನು ಮೊದಲೇ ಧ್ವನಿಮುದ್ರಿಸಿಕೊಂಡು ಮಾಡೋಣವೆಂದು ಉಳಿದಿಬ್ಬರದು. “ಸಾರ್, ನೀವೇ ತೀರ್ಮಾನ ಹೇಳಿ” ಎಂದರು. ತರಗತಿಯಲ್ಲಿ ನಾನು ಹೇಳಿದ್ದನ್ನು ಎಂದೂ ಕೇಳದವರು ಈಗ ಕೇಳುತ್ತೇವೆಂದು ಕುಳಿತಿದ್ದರು. ಬರೆದು ತಿಳಿಸುತ್ತೇನೆಂದು ಹೇಳಿ, ಕಾಫಿ ಕುಡಿಸಿ ಕಳುಹಿಸಿದೆ. ಇದು ಆ ಉತ್ತರ. ಆದರೆ ಉತ್ತರಕ್ಕೆ ಬರುವ ಮೊದಲು ನಿಮ್ಮನ್ನು ಲಂಡನ್ನಿಗೆ ಕರೆದೊಯ್ಯಬೇಕಾಗಿದೆ, ಸ್ವಲ್ಪ ತಾಳ್ಮೆಯಿರಲಿ.

೨೦೦೬ರ ಮೇ ತಿಂಗಳಲ್ಲಿ ನಾನೂ ನನ್ನವಳೂ ಮಗನ ಮನೆಯಲ್ಲಿದ್ದೆವು. ಮೊಮ್ಮಗಳು ಹುಟ್ಟಿ ಎರಡು ತಿಂಗಳಾಗಿತ್ತು. ಒಂದು ಸಂಜೆ ಸೊಸೆ ಒಂದು ಟಿಕೆಟನ್ನು ಕೈಗಿತ್ತು, “ಮಾವ, ನೀವು ಯಕ್ಷಗಾನ ನೋಡುವವರು, ಇವರದ್ದನ್ನೂ ನೋಡಿ ಬನ್ನಿ” ಎಂದಳು. ಕೊವೆಂಟ್ ಗಾರ್ಡನ್‌ನ ರಾಯಲ್ ಒಪೆರಾ ಹೌಸಿನಲ್ಲಿ ರಾಯಲ್ ಬ್ಯಾಲೆ ಸಂಸ್ಥೆಯು ತನ್ನ ಎಪ್ಪತ್ತೈದನೆಯ ವರ್ಷದ ಅಂಗವಾಗಿ ‘ದ ಸ್ಲೀಪಿಂಗ್ ಬ್ಯೂಟಿ’ಯನ್ನು, ಅಂದರೆ ನಿದ್ರಾಸುಂದರಿಯ ಕಥೆಯನ್ನು, ಪುನಃ ರಂಗಕ್ಕೆ ತಂದಿತ್ತು. ಅದೇ ಸಂಸ್ಥೆ ೧೯೪೬ರಲ್ಲಿ ಅದೇ ರಂಗಮಂದಿರದಲ್ಲಿ ಆಡಿದ್ದ ರೂಪಕ್ಕೆ ಮರಳುವ ಪ್ರಯತ್ನವದು. ನನಗೆ ಸಿಕ್ಕಿದ್ದು ಛಾವಣಿಗೆ ತಲೆ ತಾಗುವುದೋ ಎಂಬಷ್ಟು ಎತ್ತರದ ಸಾಲಿನ ಆಸನ. ಅಲ್ಲಿಂದ ರಂಗವು ಬಾವಿಯ ತಳದಲ್ಲಿ ಹಚ್ಚಿಟ್ಟ ದೀಪದಂತೆ ಕಾಣುತ್ತಿತ್ತು.

ಬ್ಯಾಲೆ ನೋಡುವ ಸಂಸ್ಕಾರ ನನ್ನದಲ್ಲ. ಮಾತಿಲ್ಲ, ಹಾಡಿಲ್ಲ, ಅರ್ಥ ಹೇಳುವವರಿಲ್ಲ. ಮೊದಲ ಕಾಲು ಗಂಟೆ ನಾನು ಭಾಗವತರು ಎಲ್ಲಿದ್ದಾರೆಂದು ಹುಡುಕುವವನಂತೆ ಕುಳಿತಿದ್ದೆ. ಆಮೇಲೆ ತಿಳಿಯಿತು, ಭಾಗವತಿಕೆಯೆಲ್ಲವೂ ಕೆಳಗಿನ ವಾದ್ಯಗೋಷ್ಠಿಯಲ್ಲಿ, ಚೈಕೊವ್‌ಸ್ಕಿಯ ಸಂಗೀತದಲ್ಲಿ ಇದೆ ಎಂದು. ರಾಜಕುಮಾರಿ ಅರೋರಾಳ ಹುಟ್ಟುಹಬ್ಬದ ದಿನ ನಾಲ್ವರು ರಾಜಕುಮಾರರು ಅವಳ ಕೈ ಬೇಡಿ ಬರುತ್ತಾರೆ. ಅವಳು ಒಂದೇ ಕಾಲಿನ ತುದಿಬೆರಳ ಮೇಲೆ ನಿಂತು, ಒಬ್ಬನ ಕೈ ಬಿಟ್ಟು, ಒಂದು ಕ್ಷಣ ಯಾರ ಆಧಾರವೂ ಇಲ್ಲದೆ ನಿಂತು, ಮತ್ತೊಬ್ಬನ ಕೈ ಹಿಡಿಯುತ್ತಾಳೆ. ಆ ಒಂದೊಂದು ಕ್ಷಣದಲ್ಲಿಯೂ ಎರಡು ಸಾವಿರ ಜನ ಉಸಿರು ಬಿಗಿ ಹಿಡಿದದ್ದು ನನಗೆ ಕೇಳಿಸಿತು. ಉಸಿರಾಟವಲ್ಲ, ಉಸಿರು ನಿಂತದ್ದು ಕೇಳಿಸಿತು ಎನ್ನುತ್ತಿದ್ದೇನೆ. ಮಂಡಿಯೂರಿ ಗಿರಕಿ ಹೊಡೆಯುವ ಹುಡುಗನನ್ನು ನಮ್ಮೂರ ಬಯಲಿನಲ್ಲಿ ನೋಡುವಾಗ ಹೀಗೆಯೇ ಆಗುತ್ತಿತ್ತು.

ನನ್ನ ಪಕ್ಕದಲ್ಲಿ ಎಪ್ಪತ್ತು ದಾಟಿದ ಮಹಿಳೆಯೊಬ್ಬರಿದ್ದರು. ತೆರೆ ಎದ್ದು ತಿಳಿಬಣ್ಣದ ಅರಮನೆ ಕಾಣಿಸಿದೊಡನೆ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು. ವಿರಾಮದಲ್ಲಿ ತಾವಾಗಿಯೇ ಮಾತನಾಡಿಸಿದರು: ೧೯೪೬ರಲ್ಲಿ ಶಾಲಾ ಹುಡುಗಿಯಾಗಿದ್ದಾಗ ತಾಯಿಯ ಜೊತೆ ಬಂದು ನೋಡಿದ್ದರಂತೆ. “ಇದು ಆ ದಿನದ ಹಾಗೆಯೇ ಇದೆಯೇ?” ಎಂದು ನಾನು ನನ್ನ ಶಾಲಾಮಾಸ್ತರಿಕೆಯ ಇಂಗ್ಲಿಷಿನಲ್ಲಿ ಕೇಳಿದೆ. ಅವರು ಸ್ವಲ್ಪ ಯೋಚಿಸಿ, “ಆ ದಿನ ನನಗೆ ಹಸಿವಾಗಿತ್ತು. ಇವತ್ತು ಊಟ ಮಾಡಿ ಬಂದಿದ್ದೇನೆ. ಅದೇ ಹೇಗಾದೀತು?” ಎಂದರು.

ಈ ಮಾತಿನ ತೂಕ ತಿಳಿಯಬೇಕಾದರೆ ಆ ಕಾಲದ ಸಂಗತಿ ತಿಳಿದಿರಬೇಕು. ಯುದ್ಧದ ವರ್ಷಗಳಲ್ಲಿ ಆ ಒಪೆರಾ ಹೌಸು ಸಾರ್ವಜನಿಕರು ಬಂದು ಕುಣಿಯುವ ನೃತ್ಯಶಾಲೆಯಾಗಿತ್ತು. ಯುದ್ಧ ಮುಗಿದರೂ ಬ್ರಿಟನ್ನಿನಲ್ಲಿ ಬಟ್ಟೆಗೆ ಕೂಪನ್, ಆಹಾರಕ್ಕೆ ಪಡಿತರ. ಅಂಥ ಕಾಲದಲ್ಲಿ, ೧೯೪೬ರ ಫೆಬ್ರವರಿ ೨೦ರಂದು, ಆ ಮಂದಿರದ ಬಾಗಿಲು ಮತ್ತೆ ತೆರೆದದ್ದು ಈ ಬ್ಯಾಲೆಯಿಂದ. ದೊರೆ ಆರನೆಯ ಜಾರ್ಜ್ ಸಪರಿವಾರನಾಗಿ ಬಂದಿದ್ದ. ಇಪ್ಪತ್ತಾರು ವರ್ಷದ ಮಾರ್ಗೊ ಫಾಂಟೇನ್ ಅರೋರಾ. ರಾಬರ್ಟ್ ಹೆಲ್ಪ್‌ಮನ್ ಏಕಕಾಲಕ್ಕೆ ರಾಜಕುಮಾರನೂ ಹೌದು, ಶಾಪ ಕೊಡುವ ದುಷ್ಟ ಯಕ್ಷಿಣಿ ಕ್ಯಾರಬಾಸಳೂ ಹೌದು. ಆಲಿವರ್ ಮೆಸೆಲ್ ಎಂಬ ಕಲಾವಿದ ಬಟ್ಟೆಯ ಬರಗಾಲದಲ್ಲಿ ಅರಮನೆಯ ವೈಭವವನ್ನು ಕಟ್ಟಿಕೊಟ್ಟ. ನೂರು ವರ್ಷ ಮಲಗಿದ್ದ ಅರಮನೆ ಎಚ್ಚೆತ್ತುಕೊಳ್ಳುವ ಕಥೆಯನ್ನು, ಬಾಂಬಿನ ಕತ್ತಲೆಯಿಂದ ಆಗತಾನೆ ಹೊರಬಂದ ಊರಿನ ಜನ ನೋಡಿದರು. ಅವರಿಗೆ ಅದು ಕೇವಲ ಕಥೆಯಾಗಿ ಕಂಡಿರಲಾರದು.

ಆದರೆ ೧೯೪೬ರದೂ ಮೂಲವಲ್ಲ. ಅದೂ ಒಂದು ಪುನರುಜ್ಜೀವನವೇ. ಮೂಲ ಹುಟ್ಟಿದ್ದು ರಷ್ಯಾದಲ್ಲಿ, ಸೇಂಟ್ ಪೀಟರ್ಸ್‌ಬರ್ಗಿನ ಮಾರಿಯಿನ್‌ಸ್ಕಿ ರಂಗಮಂದಿರದಲ್ಲಿ, ೧೮೯೦ರ ಜನವರಿಯಲ್ಲಿ. ಚಕ್ರವರ್ತಿಯ ರಂಗಮಂದಿರಗಳ ನಿರ್ದೇಶಕನಾಗಿದ್ದ ಇವಾನ್ ವ್ಸೆವೊಲೊಜ್‌ಸ್ಕಿ ಕಲ್ಪನೆ ಕೊಟ್ಟು ವೇಷಭೂಷಣಗಳನ್ನೂ ತಾನೇ ಬರೆದ. ಫ್ರಾನ್ಸಿನಲ್ಲಿ ಹುಟ್ಟಿ ರಷ್ಯಾದಲ್ಲಿ ನೆಲೆಸಿದ್ದ ಮಾರಿಯುಸ್ ಪೆಟಿಪಾ ನೃತ್ಯ ಕಟ್ಟಿದ. ಇಲ್ಲಿ ಇಷ್ಟು ಮಾತ್ರೆ, ಇಲ್ಲಿ ಈ ಗತಿ ಎಂದು ಪೆಟಿಪಾ ಮೊದಲೇ ಬರೆದು ಕೊಟ್ಟ ಲೆಕ್ಕಕ್ಕೆ ಒಪ್ಪುವಂತೆ ಚೈಕೊವ್‌ಸ್ಕಿ ಸಂಗೀತ ಬರೆದ. ಅಷ್ಟು ಕಟ್ಟುನಿಟ್ಟಿನ ಒಳಗೆ ಅಷ್ಟು ಸ್ವತಂತ್ರವಾದ ಸಂಗೀತ ಹೇಗೆ ಹುಟ್ಟಿತೆಂದು ನಮ್ಮ ಛಂದಸ್ಸು ಬಲ್ಲವರು ಆಶ್ಚರ್ಯಪಡಬೇಕಾಗಿಲ್ಲ.

ಹುಟ್ಟಿದ ಕೃತಿ ಉಳಿದದ್ದೇ ದೊಡ್ಡ ಕಥೆ. ಸ್ಟೆಪಾನೊವ್ ಎಂಬುವನು ನೃತ್ಯವನ್ನು ಸಂಗೀತದ ಸ್ವರಲಿಪಿಯಂತೆ ಬರೆದಿಡುವ ಕ್ರಮವೊಂದನ್ನು ರೂಪಿಸಿದ್ದ. ಮಾರಿಯಿನ್‌ಸ್ಕಿಯಲ್ಲಿ ಆ ಲಿಪಿಯಲ್ಲಿ ಬರೆದಿಟ್ಟ ಹಸ್ತಪ್ರತಿಗಳನ್ನು, ಕ್ರಾಂತಿಯ ನಂತರ ದೇಶ ಬಿಟ್ಟ ನಿಕೊಲಾಯ್ ಸೆರ್ಗೆಯೆವ್ ತನ್ನೊಂದಿಗೆ ಒಯ್ದ. ೧೯೨೧ರಲ್ಲಿ ಡಿಯಾಗಿಲೆವ್ ಲಂಡನ್ನಿನ ಅಲ್‌ಹಾಂಬ್ರಾ ರಂಗಮಂದಿರದಲ್ಲಿ ಅದ್ದೂರಿಯಾಗಿ ಈ ಬ್ಯಾಲೆಯನ್ನು ಆಡಿಸಿದಾಗ ನೆರವಾದದ್ದು ಈ ಪ್ರತಿಗಳೇ. ಆ ಪ್ರಯತ್ನ ಮೂರು ತಿಂಗಳು ನಡೆದು, ಸಾಲ ತೀರಿಸಲಾಗದೆ ನಿಂತುಹೋಯಿತು. ಬಾಕ್‌ಸ್ಟ್ ಬರೆದ ಪರದೆ-ಉಡುಪುಗಳು ಸಾಲ ಕೊಟ್ಟವರ ಪಾಲಾದವು. ನಮ್ಮಲ್ಲಿ ಮೇಳಗಳು ಪೆಟ್ಟಿಗೆ ಅಡವಿಟ್ಟು ಊರಿಗೆ ಮರಳಿದ ಕಥೆಗಳನ್ನು ಕೇಳಿದವರಿಗೆ ಇದು ಹೊಸತಲ್ಲ. ಡಿಯಾಗಿಲೆವ್‌ನ ತಂಡದಲ್ಲಿ ಮುಂದೆ ಕುಣಿದಿದ್ದ ನಿನೆಟ್ ಡಿ ವಲ್ವಾ ಎಂಬ ಐರಿಷ್ ಹೆಣ್ಣುಮಗಳು ೧೯೩೧ರಲ್ಲಿ ತನ್ನದೇ ಚಿಕ್ಕ ತಂಡ ಕಟ್ಟಿದಳು. ಸೆರ್ಗೆಯೆವ್‌ನನ್ನೂ ಆ ಹಸ್ತಪ್ರತಿಗಳನ್ನೂ ಕರೆಸಿಕೊಂಡು ೧೯೩೯ರಲ್ಲಿ ಇದೇ ಬ್ಯಾಲೆಯನ್ನು ಆಡಿಸಿದಳು. ಆ ಚಿಕ್ಕ ತಂಡವೇ ಯುದ್ಧದ ನಂತರ ಕೊವೆಂಟ್ ಗಾರ್ಡನ್ನಿಗೆ ಬಂದು, ೧೯೫೬ರಲ್ಲಿ ರಾಯಲ್ ಬ್ಯಾಲೆ ಎಂಬ ಹೆಸರು ಪಡೆಯಿತು. ಹಸ್ತಪ್ರತಿಗಳು ೧೯೬೯ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯವನ್ನು ಸೇರಿದವು.

ಮೆಸೆಲ್‌ನ ರೂಪ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬಾಳಿತು. ಅನಂತರ ಬಂದವರು ತಮ್ಮ ತಮ್ಮ ಕಾಲಕ್ಕೆ ತಕ್ಕಂತೆ ಹೊಸ ಪರದೆ, ಹೊಸ ಉಡುಪು, ಹೊಸ ಜೋಡಣೆ ಮಾಡಿದರು. ೧೯೬೮, ೧೯೭೩, ೧೯೭೭, ೧೯೯೪, ೨೦೦೩: ಒಂದೊಂದು ಸಲವೂ ಹೊಸ ನಿದ್ರಾಸುಂದರಿ. ಯಾವುದೂ ಜನರ ಮನಸ್ಸಿನಲ್ಲಿ ಹಳೆಯದರಂತೆ ನೆಲೆಯೂರಲಿಲ್ಲ. ಕೊನೆಗೆ ೨೦೦೬ರಲ್ಲಿ ಆಗಿನ ನಿರ್ದೇಶಕಿ ಮೋನಿಕಾ ಮೇಸನ್, ಕ್ರಿಸ್ಟೋಫರ್ ನ್ಯೂಟನ್ ಜೊತೆಗೂಡಿ ಹಳೆಯದಕ್ಕೇ ಮರಳಿದರು. ಮೇಸನ್ ೧೯೫೮ರಲ್ಲಿಯೇ ಆ ಸಂಸ್ಥೆಗೆ ಸೇರಿದ್ದವರು. ಮೆಸೆಲ್‌ನ ಅರಮನೆ ಇನ್ನೂ ನಿಂತಿದ್ದ ಕಾಲದವರು. ಕಾಗದದಲ್ಲಿದ್ದುದು ಒಂದು ಪಾಲು, ಕಾಲುಗಳಲ್ಲಿದ್ದುದು ಇನ್ನೊಂದು ಪಾಲು.

ನನಗೆ ಹೆಚ್ಚು ಮೆಚ್ಚಿಗೆಯಾದದ್ದು ಅವರ ಪ್ರಾಮಾಣಿಕತೆ. ಇದು ಯಥಾವತ್ತಾದ ಪ್ರತಿ ಎಂದು ಅವರು ಹೇಳಿಕೊಳ್ಳಲಿಲ್ಲ. ಮೆಸೆಲ್‌ನ ವಿನ್ಯಾಸಗಳಿಗೆ ಪೀಟರ್ ಫಾರ್ಮರ್ ಸೇರಿಸಿದ್ದುಂಟು. ಪೆಟಿಪಾನ ನೃತ್ಯದ ಜೊತೆ ಫ್ರೆಡರಿಕ್ ಆಷ್ಟನ್, ಆಂಟನಿ ಡೊವೆಲ್ ಕಟ್ಟಿದ ಭಾಗಗಳುಂಟು. ಹೂಮಾಲೆಯ ನೃತ್ಯವನ್ನಂತೂ ಕ್ರಿಸ್ಟೋಫರ್ ವೀಲ್ಡನ್ ಹೊಸದಾಗಿಯೇ ಕಟ್ಟಿದ್ದ. ಯಾರು ಯಾವುದನ್ನು ಮಾಡಿದರೆಂಬುದು ಎಲ್ಲರ ಹೆಸರಿನೊಂದಿಗೆ ಪ್ರಕಟವಾಗಿತ್ತು. ಹಳೆಯದೆಂದು ಸುಳ್ಳು ಹೇಳಿ ಹೊಸದನ್ನು ಮಾರಲಿಲ್ಲ.

ಇನ್ನೊಂದು ದಾರಿಯೂ ಇದೆ. ೧೯೯೯ರಲ್ಲಿ ಮಾರಿಯಿನ್‌ಸ್ಕಿಯವರೇ, ಸೆರ್ಗೆಯ್ ವಿಖಾರೆವ್ ಮುಂದಾಳತ್ವದಲ್ಲಿ, ಹಾರ್ವರ್ಡಿನ ಪ್ರತಿಗಳನ್ನು ಓದಿ ೧೮೯೦ರ ರೂಪವನ್ನೇ ಎಬ್ಬಿಸಿ ನಿಲ್ಲಿಸಿದರು. ವಿರಾಮಗಳೂ ಸೇರಿ ನಾಲ್ಕು ಗಂಟೆಯ ಆಟ. ವಿಚಿತ್ರವೆಂದರೆ ಅದಕ್ಕೆ ವಿರೋಧ ಬಂದದ್ದು ಆ ಮಂದಿರದ ಒಳಗಿನಿಂದಲೇ. ೧೯೫೨ರಲ್ಲಿ ಪರಿಷ್ಕೃತವಾದ ರೂಪದಲ್ಲಿ ಬೆಳೆದಿದ್ದ ಅವರಿಗೆ ಅದೇ ‘ಮೂಲ’ವಾಗಿತ್ತು, ನಿಜವಾದ ಮೂಲ ಎದ್ದು ಬಂದಾಗ ಅಪರಿಚಿತವೆನಿಸಿತು. ೨೦೧೫ರಲ್ಲಿ ಅಮೆರಿಕನ್ ಬ್ಯಾಲೆ ಥಿಯೇಟರಿಗಾಗಿ ಅಲೆಕ್ಸೆಯ್ ರತ್‌ಮನ್‌ಸ್ಕಿ ಅದೇ ಪ್ರತಿಗಳಿಂದ ಮತ್ತೊಂದು ರೂಪ ತಂದ. ಈಗಿನ ನರ್ತಕಿಯರು ಕಾಲನ್ನು ಕಿವಿಯವರೆಗೆ ಎತ್ತುತ್ತಾರೆ. ಆಗ ಅಷ್ಟು ಎತ್ತುತ್ತಿರಲಿಲ್ಲ. ಆತ ಎಲ್ಲರಿಂದಲೂ ಕಾಲು ಇಳಿಸಿಸಿದ. ಬಲ್ಲ ವಿದ್ಯೆಯನ್ನು ತೋರಿಸದೆ ಇರುವುದನ್ನು ಕಲಿಸುವುದು ಎಷ್ಟು ಕಷ್ಟವೆಂಬುದನ್ನು ಶಿಕ್ಷಕನಾಗಿದ್ದವನು ಊಹಿಸಬಲ್ಲ.

ಆಕ್ಷೇಪಗಳಿಲ್ಲವೇ? ಇವೆ. ಹಳೆಯದನ್ನು ಝಾಡಿಸಿ ಆಡಿಸುವ ಹಣದಲ್ಲಿ ಹೊಸಬರ ಹೊಸ ಕೃತಿ ಆಡಿಸಬಾರದೇ ಎಂದು ಕೇಳುವವರಿದ್ದಾರೆ. ಅದು ನ್ಯಾಯವಾದ ಪ್ರಶ್ನೆ. ಅಂದು ತೊಟ್ಟಿಲಲ್ಲಿದ್ದ ನನ್ನ ಮೊಮ್ಮಗಳಿಗೆ ಈಗ ಮತದಾನದ ವಯಸ್ಸು ದಾಟಿದೆ. ಅವಳ ಆಕ್ಷೇಪ ಬೇರೆಯದು. “ಅಜ್ಜ, ಒಬ್ಬಳು ಹುಡುಗಿ ನೂರು ವರ್ಷ ಸುಮ್ಮನೆ ಮಲಗಿರುವುದು, ಗುರುತಿಲ್ಲದವನೊಬ್ಬ ಬಂದು ಎಬ್ಬಿಸುವುದು, ಇದೆಂಥ ಕಥೆ?” ಎನ್ನುತ್ತಾಳೆ. ನಾನು ಅವಳಿಗೆ ನಮ್ಮ ಚಂದ್ರಹಾಸನ ಕಥೆ ಹೇಳಿದೆ. ನಮ್ಮಲ್ಲಿ ತೋಟದಲ್ಲಿ ಮಲಗಿದವನು ಹುಡುಗ; ಎಚ್ಚರವಾಗಿದ್ದವಳು ವಿಷಯೆ. ಅವನ ಬಳಿಯಿದ್ದ ಓಲೆಯಲ್ಲಿ ‘ವಿಷವನ್ನು ಕೊಡು’ ಎಂದಿದ್ದುದನ್ನು ಕಾಡಿಗೆಯಿಂದ ‘ವಿಷಯೆಯನ್ನು ಕೊಡು’ ಎಂದು ತಿದ್ದಿದವಳು ಅವಳು. ಒಂದು ಅಕ್ಷರ ತಿದ್ದಿ ಒಂದು ಜೀವ ಉಳಿಸಿದಳು, ತನ್ನ ಮದುವೆಯನ್ನೂ ಮಾಡಿಕೊಂಡಳು. ಮೊಮ್ಮಗಳು ನಕ್ಕು, “ಇದನ್ನು ಆಡಿ, ನಾನು ಬರುತ್ತೇನೆ” ಎಂದಳು. ಆದರೂ ನಾನು ಅರೋರಾಳ ಪರವಾಗಿ ಒಂದು ಮಾತು ಹೇಳಬೇಕು: ಆ ಬ್ಯಾಲೆಯಲ್ಲಿ ನಿಜವಾದ ಹೋರಾಟ ರಾಜಕುಮಾರನದ್ದಲ್ಲ, ಇಬ್ಬರು ಯಕ್ಷಿಣಿಯರದ್ದು. ಒಬ್ಬಳು ಶಾಪ ಕೊಡುತ್ತಾಳೆ. ಇನ್ನೊಬ್ಬಳು ಅದನ್ನು ತೊಡೆದುಹಾಕಲಾರಳು, ಸಾವನ್ನು ನಿದ್ರೆಯಾಗಿ ತಿದ್ದುತ್ತಾಳೆ. ಅವಳೂ ವಿಷಯೆಯ ಅಕ್ಕನೇ.

ಈ ಬ್ಯಾಲೆಗೂ ನಮ್ಮ ದೇಶಕ್ಕೂ ಒಂದು ನಂಟಿದೆ. ಬಹಳ ಜನರಿಗೆ ತಿಳಿಯದು. ಎಂಟು ವರ್ಷದ ಬಡ ಹುಡುಗಿಯೊಬ್ಬಳನ್ನು ತಾಯಿ ಮಾರಿಯಿನ್‌ಸ್ಕಿಗೆ ಕರೆದೊಯ್ದು ಇದನ್ನು ತೋರಿಸಿದಳು. ನಾನೂ ಹೀಗೆ ಕುಣಿಯುತ್ತೇನೆಂದು ಹುಡುಗಿ ಅಂದೇ ನಿಶ್ಚಯಿಸಿದಳು. ಅವಳೇ ಅನ್ನಾ ಪಾವ್ಲೊವಾ. ಮುಂದೆ ಜಗತ್ಪ್ರಸಿದ್ಧಳಾಗಿ ಭಾರತಕ್ಕೂ ಬಂದಳು. ಅವಳ ತಂಡದವರಿಂದ ಬ್ಯಾಲೆ ಕಲಿಯತೊಡಗಿದ್ದ ರುಕ್ಮಿಣಿ ದೇವಿಯವರಿಗೆ, ನಿಮ್ಮ ನಾಡಿನ ಕಲೆಯನ್ನೇ ಹುಡುಕಿಕೊಳ್ಳಿ ಎಂದು ಹೇಳಿದವಳು ಅವಳು. ರುಕ್ಮಿಣಿ ದೇವಿಯವರು ಭರತನಾಟ್ಯ ಕಲಿತು ೧೯೩೬ರಲ್ಲಿ ಕಲಾಕ್ಷೇತ್ರ ಸ್ಥಾಪಿಸಿದರು. ಹೀಗೆ ಪೀಟರ್ಸ್‌ಬರ್ಗಿನ ನಿದ್ರಾಸುಂದರಿ ಮದರಾಸಿನಲ್ಲೊಂದು ಪುನರುಜ್ಜೀವನಕ್ಕೆ ದೂರದ ಕಾರಣಳಾದಳು. ಆ ಪುನರುಜ್ಜೀವನದಿಂದ ನಮಗೆ ದೊರೆತದ್ದು ಅಪಾರ. ಆದರೆ ತಲೆಮಾರುಗಳಿಂದ ಆ ಕಲೆಯನ್ನು ಮೈಯಲ್ಲಿ ಹೊತ್ತು ಉಳಿಸಿದ್ದ ದೇವದಾಸಿ ಮನೆತನದ ಹೆಣ್ಣುಮಕ್ಕಳಲ್ಲಿ ಬಹುಮಂದಿ ಹೊಸ ಸಭಾಂಗಣಗಳ ಹೊರಗೇ ಉಳಿದರು. ಆ ಪರಂಪರೆಯ ಬಾಲಸರಸ್ವತಿಯವರಂಥವರು, ಶುದ್ಧೀಕರಣದ ಹೆಸರಿನಲ್ಲಿ ಶೃಂಗಾರವನ್ನು ದೂರವಿಡುವುದನ್ನು ಒಪ್ಪಲಿಲ್ಲ. ಎಚ್ಚರಗೊಳಿಸುವವರು, ಮಲಗಿದ್ದಾಗ ಕಾವಲಿದ್ದವರನ್ನು ಮರೆಯುವುದುಂಟು.

ಇಲ್ಲಿಗೆ ನಾನು ಹೇಳಬೇಕಾದ, ಇಷ್ಟು ವರ್ಷ ಹೇಳದೆ ಉಳಿಸಿಕೊಂಡ ಮಾತು ಬಂತು. ಆ ಬ್ಯಾಲೆಯಲ್ಲಿ ಶಾಪ ಏಕೆ ಬಂತು ಗೊತ್ತೇ? ನಾಮಕರಣದ ಅತಿಥಿಗಳ ಪಟ್ಟಿ ಬರೆದ ಕ್ಯಾಟಲಬುಟ್ ಎಂಬ ಅರಮನೆಯ ಅಧಿಕಾರಿ ಕ್ಯಾರಬಾಸಳ ಹೆಸರು ಬಿಟ್ಟಿದ್ದ. ಅವಳು ಇಲಿಗಳ ಬಂಡಿಯಲ್ಲಿ ಬಂದು ಅವನ ಕೂದಲು ಕಿತ್ತು ನಗುವಾಗ ಸುತ್ತಲಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ.

ನಮ್ಮ ಶಾಲೆಯಲ್ಲಿ ಪ್ರತಿ ವರ್ಷ ‘ಚಂದ್ರಹಾಸ’ ಕಲಿಸಲು ಒಬ್ಬ ಹಿರಿಯರು ಬರುತ್ತಿದ್ದರು. ನೀವೆಲ್ಲ ಅವರನ್ನು ‘ಮದ್ದಳೆ ಅಜ್ಜ’ ಎನ್ನುತ್ತಿದ್ದಿರಿ. ಎರಡು ತಿಂಗಳು, ಸಂಜೆ ಸಂಜೆ, ಹೊಳೆ ದಾಟಿ ನಡೆದು ಬರುತ್ತಿದ್ದರು. ಶಾಲೆ ಕೊಡುತ್ತಿದ್ದುದು ಒಂದು ಶಾಲು, ಎರಡು ತೆಂಗಿನಕಾಯಿ. ೧೯೮೪ರಲ್ಲಿ ನಾನು ಸಾಂಸ್ಕೃತಿಕ ಸಮಿತಿಯ ಕಾರ್ಯದರ್ಶಿಯಾದೆ. ಹೊಸ ಕಾಲ ಬಂದಿದೆ ಎಂದು ಭಾಷಣ ಮಾಡಿ, ಯಕ್ಷಗಾನ ನಿಲ್ಲಿಸಿ, ಕ್ಯಾಸೆಟ್ ಹಾಕಿ ಕುಣಿಸುವ ನೃತ್ಯರೂಪಕ ಮಾಡಿಸಿದೆ. ಅದು ನನ್ನ ನಂಬಿಕೆಯಾಗಿತ್ತು. ಅದಕ್ಕಾಗಿ ಈಗ ಕ್ಷಮೆ ಕೇಳುತ್ತಿಲ್ಲ. ಆದರೆ ಆಮಂತ್ರಣದ ಪಟ್ಟಿ ಬರೆದವನೂ ನಾನೇ. ಬ್ಯಾಂಕಿನ ಮ್ಯಾನೇಜರು, ಪಂಚಾಯಿತಿಯ ಸದಸ್ಯರು, ಎಂಜಿನಿಯರು, ಎಲ್ಲರ ಹೆಸರೂ ಇತ್ತು. ಅಜ್ಜನ ಹೆಸರಿರಲಿಲ್ಲ. ಮರೆತುಹೋಯಿತೆಂದು ನನಗೆ ನಾನೇ ಬಹಳ ವರ್ಷ ಹೇಳಿಕೊಂಡೆ. ನಿಜವೆಂದರೆ ಅವರ ಮುಖ ನೋಡುವ ಧೈರ್ಯವಿಲ್ಲದೆ ಲೇಖನಿ ಆ ಹೆಸರನ್ನು ದಾಟಿ ಮುಂದೆ ಹೋಯಿತು.

ಅವರು ಕರೆಯದೆಯೇ ಬಂದರು. ಶಾಲೆಯ ಬೇಲಿಯ ಹೊರಗೆ, ಹಲಸಿನ ಮರದ ಕೆಳಗೆ ನಿಂತು ಸ್ವಲ್ಪ ಹೊತ್ತು ನೋಡಿದರು. ಶಪಿಸಲಿಲ್ಲ, ಬೈಯಲಿಲ್ಲ, ಟಾರ್ಚು ಹಚ್ಚಿಕೊಂಡು ಹೊಳೆಯ ದಾರಿ ಹಿಡಿದು ಹೋದರು. ಮೂರು ವರ್ಷದ ನಂತರ ತೀರಿಕೊಂಡರು. ಪದ್ಯಗಳು ಅಚ್ಚಾದ ಪುಸ್ತಕದಲ್ಲಿವೆ. ಆದರೆ ಅವರು ಕಟ್ಟಿಸುತ್ತಿದ್ದ ಹೆಜ್ಜೆ, ಮಕ್ಕಳ ಬಾಯಿಗೆ ಹೊಂದುವಂತೆ ಹೇಳಿಕೊಡುತ್ತಿದ್ದ ಅರ್ಥ, ಯಾವುದನ್ನೂ ಯಾರೂ ಬರೆದಿಡಲಿಲ್ಲ. ನಮಗೆ ಸೆರ್ಗೆಯೆವ್ ಇರಲಿಲ್ಲ.

ಆದ್ದರಿಂದ, ನಾಲ್ವರಿಗೂ ನನ್ನ ಅಭಿಪ್ರಾಯವಿದು. ಆಗಿನಂತೆಯೇ ಆಡಬೇಕೆನ್ನುವವರೇ, ಅದು ಸಾಧ್ಯವಿಲ್ಲ. ಆಗ ನಿಮಗೆ ಹದಿಮೂರು ವರ್ಷ, ಪೆಟ್ರೋಮ್ಯಾಕ್ಸ್ ಬೆಳಕು, ಹೊಳೆಯಾಚೆಯಿಂದ ಜನ ಚಾಪೆ ಹೊತ್ತು ಬರುತ್ತಿದ್ದರು. ಆ ಮಹಿಳೆ ಹೇಳಿದಂತೆ, ಈಗ ಎಲ್ಲರೂ ಉಂಡು ಬರುವವರು. ನಲವತ್ತು ನಿಮಿಷ ಸಾಕೆನ್ನುವವರೇ, ಇಳಿಸುವ ಮೊದಲು ಏನಿತ್ತೆಂಬುದನ್ನು ತಿಳಿದುಕೊಳ್ಳಿ. ತಿಳಿಯದೆ ಕತ್ತರಿಸಿದವನು ನಾನು, ನನ್ನಿಂದ ಕಲಿಯಿರಿ. ಮೊದಲು ಪಾತ್ರ ಮಾಡಿದವರನ್ನೆಲ್ಲ ಒಂದು ವಾರ ಕೂಡಿಸಿ. ವಿಷಯೆಯಾಗಿದ್ದ ಹುಡುಗ ಬ್ಯಾಂಕಿನಿಂದ ನಿವೃತ್ತನಾಗಿ ಹುಬ್ಬಳ್ಳಿಯಲ್ಲಿದ್ದಾನೆ. ಮಂಡಿ ನೋವಿದ್ದರೂ ಹೆಜ್ಜೆಯ ಲೆಕ್ಕ ಮರೆತಿರಲಾರ. ನೆನಪಾದದ್ದನ್ನು ಬರೆಯಿರಿ, ಚಿತ್ರೀಕರಿಸಿ. ಆಮೇಲೆ ಬೇಕಾದಷ್ಟು ಇಳಿಸಿ. ಹೊಸತು ಸೇರಿಸಿದರೆ ಸೇರಿಸಿದವನ ಹೆಸರು ಹೇಳಿ. ಪರದೆಯ ಚಿತ್ರ ಬೇಕಾದರೆ ಇರಲಿ. ಆದರೆ ಮದ್ದಳೆ ಮಾತ್ರ ಎದುರಿಗೇ ನುಡಿಯಬೇಕು. ಕುಣಿಯುವ ಮಗುವಿನ ಉಸಿರು ನೋಡಿ ನುಡಿಸುವ ಕೈ ಧ್ವನಿಮುದ್ರಿಕೆಯಲ್ಲಿರುವುದಿಲ್ಲ.

ಷಾರ್ಲ್ ಪೆರೋ ೧೬೯೭ರಲ್ಲಿ ಅಚ್ಚು ಮಾಡಿಸಿದ ಮೂಲ ಕಥೆಯಲ್ಲಿ ಒಂದು ಸೊಗಸಾದ ಸಂಗತಿಯಿದೆ. ಎಚ್ಚೆತ್ತ ರಾಜಕುಮಾರಿಯ ಉಡುಪು ತನ್ನ ಅಜ್ಜಿಯ ಕಾಲದ್ದೆಂಬುದು ರಾಜಕುಮಾರನ ಕಣ್ಣಿಗೆ ಬೀಳುತ್ತದೆ. ಆದರೆ ಅವನು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹಳೆಯದನ್ನು ಎಬ್ಬಿಸುವವರಿಗೆ ಇರಬೇಕಾದ ಸೌಜನ್ಯ ಇಷ್ಟೇ ಎಂದು ನನಗನ್ನಿಸುತ್ತದೆ. ಹಳೆಯದು ಹಳೆಯದೆಂದು ಕಂಡರೂ ನಾಚಿಸಬಾರದು, ಅವಳ ಉಡುಪನ್ನು ಹರಿದು ಹೊಸದು ತೊಡಿಸಲು ಅವಸರಪಡಲೂಬಾರದು.

ಕೊನೆಯದಾಗಿ ಒಂದು ಕೋರಿಕೆ. ಅಜ್ಜನ ಮನೆಯವರು ಇನ್ನೂ ಹೊಳೆಯಾಚೆಯೇ ಇದ್ದಾರೆ. ಆಮಂತ್ರಣದ ಪಟ್ಟಿಯನ್ನು ಈ ಸಲವೂ ನನಗೇ ಬಿಡಿ. ಕೈ ನಡುಗುತ್ತದೆ, ಅಕ್ಷರ ಮೊದಲಿನಷ್ಟು ದುಂಡಗಿಲ್ಲ. ಆದರೂ ಮೊದಲ ಹೆಸರನ್ನು ನಾನೇ ಬರೆಯಬೇಕು.